ತಲುಪದೆ ಉಳಿದ ಪಾಲಿನ ಲೆಕ್ಕ

ಚಿರಂಜೀವಿ ಸುಮೇಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಕ್ಷೇಮ. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋಕಣಗಳಲ್ಲಿ ಔಷಧವನ್ನೂ ವಂಶವಾಹಿಯನ್ನೂ ತುಂಬಿ ಕ್ಯಾನ್ಸರ್ ಗೆಡ್ಡೆಗೆ ತಲುಪಿಸುವ ಸಂಶೋಧನೆಗೆ ಸೇರಿಕೊಂಡೆನೆಂದು ನೀನು ಬರೆದ ಪತ್ರವನ್ನು ಎರಡು ಸಲ ಓದಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ರೋಗಿಗಳಿಗೆ ಕೀಮೋಥೆರಪಿ ಕೊಟ್ಟ ನನಗೆ, ನಮ್ಮ ಮನೆಯ ಮಗಳು ಆ ಕೆಲಸದ ಇನ್ನೊಂದು ತುದಿಯನ್ನು ಹಿಡಿದಿದ್ದಾಳೆಂಬುದು ದೊಡ್ಡ ಸಂತೋಷ. ಆದರೆ ನಿನ್ನ ಪತ್ರದಲ್ಲಿದ್ದ ‘ಇನ್ನು ಮುಂದೆ ಔಷಧ ಗೆಡ್ಡೆಗೆ ಮಾತ್ರ ಹೋಗುತ್ತದೆ’ ಎಂಬ ವಾಕ್ಯದ ಬಳಿ ನಾನು ಬಹಳ ಹೊತ್ತು ನಿಂತೆ. ಈ ಪತ್ರವನ್ನು ಬರೆಯುತ್ತಿರುವುದು ಆ ‘ಮಾತ್ರ’ ಎಂಬ ಪದಕ್ಕಾಗಿ.

ಆ ಮಾತು ನಿಜವಾಗಲಿ ಎಂದು ನನ್ನಷ್ಟು ಹಾರೈಸಿದವರು ಕಡಿಮೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಹನಿಹನಿಯಾಗಿ ರಕ್ತನಾಳಕ್ಕೆ ಇಳಿಯುವುದನ್ನು ನೋಡುತ್ತ ಎಷ್ಟೋ ಹಾಸಿಗೆಗಳ ಪಕ್ಕದಲ್ಲಿ ಕುಳಿತಿದ್ದೇನೆ. ಅದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಜೊತೆಗೆ ಕೂದಲಿನ ಬುಡವನ್ನು, ಬಾಯಿಯ ಒಳಪದರವನ್ನು, ಮೂಳೆಯ ಮಜ್ಜೆಯನ್ನು ಸುಡುತ್ತದೆ. ಇವೆಲ್ಲ ಮತ್ತೆ ಚಿಗುರುತ್ತವೆ, ಆದರೆ ಹೃದಯದ ಸ್ನಾಯು ಚಿಗುರುವುದಿಲ್ಲ. ಅದಕ್ಕೆ ಆಗುವ ಹಾನಿ ಪ್ರತಿ ಸುತ್ತಿಗೂ ಕೂಡುತ್ತ ಹೋಗುವುದರಿಂದ, ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ಎಂದು ಜೀವಮಾನದ ಮಿತಿಯೊಂದನ್ನು ಇಟ್ಟುಕೊಂಡಿದ್ದೆವು. ಗೆಡ್ಡೆ ಕರಗುತ್ತಿರುವಾಗಲೇ ಹೃದಯ ಸೋಲುತ್ತಿದೆಯೆಂದು ಔಷಧವನ್ನು ನಿಲ್ಲಿಸಿ, ಅದರ ಕಾರಣವನ್ನು ಒಬ್ಬ ತಾಯಿಗೆ ವಿವರಿಸಿದ ದಿನ ನನಗೆ ಈಗಲೂ ಮರೆತಿಲ್ಲ.

ಆದ್ದರಿಂದ ಆ ಔಷಧವನ್ನೇ ಕೊಬ್ಬಿನ ಪದರದ ಗುಳ್ಳೆಯೊಳಗೆ ಇಟ್ಟ ಲೈಪೋಸೋಮ್ ರೂಪಕ್ಕೆ 1995ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದಾಗ ನಾವೆಲ್ಲ ಕಣ್ಣರಳಿಸಿ ನೋಡಿದೆವು. ಆ ಗುಳ್ಳೆಗಳ ಅಳತೆ 100 ನ್ಯಾನೋಮೀಟರಿನ ಆಸುಪಾಸು. ರಕ್ತದಲ್ಲಿ ಬಹುಕಾಲ ಸುತ್ತಾಡಲೆಂದು ಮೇಲೆ ಪಾಲಿಇಥಿಲೀನ್ ಗ್ಲೈಕಾಲ್‌ನ ಹೊದಿಕೆ. ಹೃದಯದ ಹಾನಿ ನಿಜಕ್ಕೂ ಬಹಳ ಇಳಿಯಿತು. ಅದರ ಬದಲು ಅಂಗೈ ಅಂಗಾಲುಗಳು ಕೆಂಪಾಗಿ, ಚರ್ಮ ಸುಲಿದು, ಲೋಟ ಹಿಡಿಯಲೂ ನೋಯುವ ರೋಗಿಗಳು ಬರತೊಡಗಿದರು. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಹಳೆಯ ರೂಪದೊಡನೆ ಹೋಲಿಸಿ ನೋಡಿದಾಗ, ಕ್ಯಾನ್ಸರನ್ನು ತಡೆಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮವೆಂದು ತಿಳಿಯಿತು. ಇದನ್ನು ಸೋಲೆಂದು ಎಣಿಸಬೇಡ. ಎಷ್ಟೋ ಹೃದಯಗಳು ಉಳಿದವು. ಆದರೆ ಉಳಿದದ್ದು ಔಷಧ ಗೆಡ್ಡೆಗೆ ಹೆಚ್ಚು ಹೋಯಿತೆಂದಲ್ಲ, ಹೃದಯಕ್ಕೆ ಕಡಿಮೆ ಹೋಯಿತೆಂದು. 2005ರಲ್ಲಿ ಬಂದ, ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧದ ಕಣಗಳದ್ದೂ ಒಂದು ಬಗೆಯಲ್ಲಿ ಇದೇ ಕಥೆ: ತೀವ್ರ ಅಲರ್ಜಿಗೆ ಕಾರಣವಾಗುತ್ತಿದ್ದ ಹರಳೆಣ್ಣೆ ಮೂಲದ ದ್ರಾವಕವೊಂದನ್ನು ಅವು ಬೇಡವಾಗಿಸಿದವು.

ಗೆಡ್ಡೆಯ ರಕ್ತನಾಳಗಳು ಸೋರುತ್ತವೆ, ಅಲ್ಲಿ ಸೋರಿದ ದ್ರವವನ್ನು ಹೊರಸಾಗಿಸುವ ದುಗ್ಧನಾಳಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಹೀಗಾಗಿ ಒಳಹೊಕ್ಕ ದೊಡ್ಡ ಅಣುಗಳು ಅಲ್ಲೇ ನಿಲ್ಲುತ್ತವೆ ಎಂದು 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ತೋರಿಸಿಕೊಟ್ಟರು. ನಿನ್ನ ಕ್ಷೇತ್ರದ ಬಹುಪಾಲು ಭರವಸೆ ನಿಂತಿರುವುದು ಈ ಅಡಿಪಾಯದ ಮೇಲೆ. ಆದರೆ ಪ್ರಯೋಗದ ಇಲಿಯನ್ನು ನೆನೆಸಿಕೋ. 20 ಗ್ರಾಂ ತೂಕದ ಇಲಿಯಲ್ಲಿ ಕೆಲವೇ ವಾರಗಳಲ್ಲಿ 1 ಗ್ರಾಂ ಗೆಡ್ಡೆ ಬೆಳೆದರೆ, ಅದು 60 ಕಿಲೋ ತೂಕದ ಮನುಷ್ಯನಲ್ಲಿ 3 ಕಿಲೋ ಗೆಡ್ಡೆಗೆ ಸಮ. ಅಷ್ಟು ಅವಸರದಲ್ಲಿ ಬೆಳೆದದ್ದರ ರಕ್ತನಾಳಗಳು ಸೋರದೆ ಇನ್ನೇನು? ಮನುಷ್ಯನ ಗೆಡ್ಡೆ ವರ್ಷಗಟ್ಟಲೆ ಬೆಳೆದದ್ದು. ಅದರ ಸೋರಿಕೆ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ, ಒಂದೇ ಗೆಡ್ಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬೇರೆ. ಟೊರಾಂಟೊದ ತಂಡವೊಂದು ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗೆಡ್ಡೆ ಸೇರಿದ್ದು ಮಧ್ಯಾಂಕದಲ್ಲಿ ಶೇಕಡಾ 0.7. ಸಾವಿರದಲ್ಲಿ ಏಳು, ಅದೂ ಪ್ರಾಣಿಗಳಲ್ಲಿ! ಅದೇ ತಂಡ 2020ರಲ್ಲಿ ಇನ್ನೊಂದು ಮಾತನ್ನೂ ತೋರಿಸಿತು: ಗೆಡ್ಡೆಯ ನಾಳಗಳಲ್ಲಿ ಸೋರಿಕೆಗೆ ಕಾರಣವೆನ್ನುತ್ತಿದ್ದ ಸಂದುಗಳೇ ತೀರ ವಿರಳ, ಹೆಚ್ಚಿನ ಕಣಗಳನ್ನು ನಾಳದ ಗೋಡೆಯ ಕೋಶಗಳೇ ಶ್ರಮಪಟ್ಟು ಒಳಗೆ ದಾಟಿಸುತ್ತವೆ.

ಹಾಗಾದರೆ ಉಳಿದವು ಎಲ್ಲಿ ಹೋದವು ಎಂಬ ಪ್ರಶ್ನೆಯನ್ನು ನೀನು ದಿನವೂ ಕೇಳಿಕೊಳ್ಳಬೇಕೆಂಬುದೇ ನನ್ನ ಆಸೆ. ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕವನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ದೊಡ್ಡವನ್ನು ಯಕೃತ್ತಿನ ಕುಪ್ಫರ್ ಕೋಶಗಳೂ ಗುಲ್ಮವೂ ನುಂಗುತ್ತವೆ. ಕಣದ ಮೈಗೆ ಪ್ರತಿಕಾಯವನ್ನೋ ಫೋಲೇಟ್ ಎಂಬ ವಿಟಮಿನ್ನನ್ನೋ ಅಂಟಿಸಿದರೆ ಅದು ಗೆಡ್ಡೆಯನ್ನು ಹುಡುಕಿಕೊಂಡು ಹೋಗುತ್ತದೆಂದು ನಂಬುವವರಿದ್ದಾರೆ. ಲಕೋಟೆಯ ಮೇಲೆ ವಿಳಾಸ ಬರೆದೆವು ಸರಿ, ಆದರೆ ಅದನ್ನು ಓದಿ ಒಯ್ಯುವ ಅಂಚೆಯವನು ರಕ್ತದಲ್ಲಿಲ್ಲ. ಕಣ ಹರಿವಿನೊಡನೆ ಹೋಗುತ್ತದೆ. ಸರಿಯಾದ ಕೋಶಕ್ಕೆ ಅಕಸ್ಮಾತ್ತಾಗಿ ತಗುಲಿದಾಗಲಷ್ಟೇ ಆ ವಿಳಾಸ ಕೆಲಸಕ್ಕೆ ಬರುತ್ತದೆ. ಅಷ್ಟರೊಳಗೆ ರಕ್ತದ ಪ್ರೋಟೀನುಗಳು ಮೆತ್ತಿಕೊಂಡು ವಿಳಾಸವೇ ಮುಚ್ಚಿಹೋಗಿರುವುದೂ ಉಂಟು.

ವಂಶವಾಹಿಯ ಹಾದಿ ಇನ್ನೂ ಕಡಿದು. ಡಾಕ್ಸೊರುಬಿಸಿನ್‌ನಂತಹ ಸಣ್ಣ ಅಣು ಗೆಡ್ಡೆಯ ಬಳಿ ಬಿಡುಗಡೆಯಾದರೆ ಸಾಕು, ತಾನಾಗಿಯೇ ಕೋಶದೊಳಗೆ ಇಳಿಯುತ್ತದೆ. ವಂಶವಾಹಿ ಚಿಕಿತ್ಸೆಗೆಂದು ಕಣದೊಳಗೆ ತುಂಬುವ ಆರ್‌ಎನ್‌ಎ ಹಾಗಲ್ಲ, ಅದು ದೊಡ್ಡದು, ಋಣ ವಿದ್ಯುದಂಶ ಹೊತ್ತದ್ದು, ರಕ್ತದ ಕಿಣ್ವಗಳ ಬಾಯಿಗೆ ಸುಲಭದ ತುತ್ತು. ಲಿಪಿಡ್ ಎಂಬ ಕೊಬ್ಬಿನ ಕಣದ ರಕ್ಷಣೆಯಲ್ಲಿ ಕೋಶವನ್ನು ಹೊಕ್ಕರೂ ಎಂಡೋಸೋಮ್ ಎಂಬ ಚೀಲದಲ್ಲಿ ಸೆರೆಯಾಗುತ್ತದೆ, ಅಲ್ಲಿಂದ ಪಾರಾಗುವುದು ಶೇಕಡಾ ಒಂದೆರಡು ಪಾಲಷ್ಟೇ ಎಂದು ಅಳೆದವರಿದ್ದಾರೆ. ರಕ್ತದಲ್ಲಿ ತಟಸ್ಥವಾಗಿದ್ದು, ಎಂಡೋಸೋಮಿನ ಆಮ್ಲೀಯತೆಯಲ್ಲಿ ಮಾತ್ರ ಧನ ವಿದ್ಯುದಂಶ ಪಡೆದು ಅದರ ಪದರವನ್ನು ಕೆಡಿಸುವ ಲಿಪಿಡ್‌ಗಳು ಬಂದ ಮೇಲೆಯೇ ಈ ಕ್ಷೇತ್ರಕ್ಕೆ ಜೀವ ಬಂದದ್ದು. ವಂಶವಾಹಿಯ ಸಂದೇಶವನ್ನು ತುಂಡರಿಸಿ ಅದನ್ನು ಸುಮ್ಮನಾಗಿಸುವ ಪುಟ್ಟ ಆರ್‌ಎನ್‌ಎಗೆ ಎಸ್‌ಐಆರ್‌ಎನ್‌ಎ ಎನ್ನುತ್ತಾರೆ; 2018ರಲ್ಲಿ ಮಂಜೂರಾದ ಅಂಥ ಮೊದಲ ಔಷಧ ಕ್ಯಾನ್ಸರಿನದಲ್ಲ, ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನೊಂದು ನರಗಳಲ್ಲಿ ಶೇಖರವಾಗುವ ಕಾಯಿಲೆಯದು. ಕಣಗಳು ಹೇಗೂ ಯಕೃತ್ತಿಗೇ ಹೋಗುವವು. ಅಲ್ಲಿಯೇ ವಾಸಿಮಾಡಬಹುದಾದ ಕಾಯಿಲೆಯನ್ನು ಅವರು ಆರಿಸಿಕೊಂಡರು. ಆ ವಿವೇಕವನ್ನು ನಾನು ತುಂಬ ಮೆಚ್ಚುತ್ತೇನೆ. ಕ್ಯಾನ್ಸರಿನ ವಿಷಯದಲ್ಲಿಯೂ, ಗೆಡ್ಡೆಯ ಪ್ರತಿ ಕೋಶಕ್ಕೂ ವಂಶವಾಹಿಯನ್ನು ತಲುಪಿಸುವ ಹಟಕ್ಕಿಂತ, ಎಂಆರ್‌ಎನ್‌ಎ ಲಸಿಕೆಯಿಂದ ಕೆಲವೇ ರೋಗನಿರೋಧಕ ಕೋಶಗಳಿಗೆ ಗೆಡ್ಡೆಯ ಗುರುತನ್ನು ಕಲಿಸುವ ಹಾದಿ ಹೆಚ್ಚು ದೂರ ಸಾಗೀತೆಂದು ನನಗೆ ಅನ್ನಿಸುತ್ತದೆ. ಅಲ್ಲಿ ಅಲ್ಪ ಪಾಲು ತಲುಪಿದರೂ ಉಳಿದ ಕೆಲಸವನ್ನು ದೇಹವೇ ಮುಂದುವರಿಸುತ್ತದೆ.

ಇನ್ನು ನಿನ್ನ ಕೆಲಸದ ಬಗ್ಗೆ. ಹೊಳೆಯುವ ಗೆಡ್ಡೆಯ ಚಿತ್ರವೊಂದನ್ನು ತೋರಿಸಿ ತೃಪ್ತಳಾಗಬೇಡ. ಬಣ್ಣದ ಮಾಪಕವನ್ನು ಸ್ವಲ್ಪ ಸರಿಸಿದರೆ ಯಕೃತ್ತು ಕತ್ತಲಾಗಿ ಗೆಡ್ಡೆ ಮಾತ್ರ ಬೆಳಗುತ್ತದೆ. ಪ್ರತಿ ಅಂಗವನ್ನೂ ತೂಗಿ, ಚುಚ್ಚಿದ ಪ್ರಮಾಣದಲ್ಲಿ ಎಷ್ಟು ಪಾಲು ಎಲ್ಲಿದೆಯೆಂದು ಬರೆ. ಅದೇ ಪ್ರಮಾಣದ ಬರಿಯ ಔಷಧವನ್ನೂ, ವಿಳಾಸ ಅಂಟಿಸದ ಕಣವನ್ನೂ ಪಕ್ಕದಲ್ಲಿಟ್ಟು ಹೋಲಿಸು. ಕಣದ ಮೇಲೆ ಪದರದ ಮೇಲೆ ಪದರ ಕಟ್ಟುವ ಮುನ್ನ, ಪ್ರತಿ ಪದರವನ್ನೂ ಪ್ರತಿ ಸಲವೂ ಒಂದೇ ರೀತಿ ತಯಾರಿಸಬೇಕಾದವರ ಕಷ್ಟವನ್ನು ಯೋಚಿಸು. 2010ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಕ್ ಡೇವಿಸ್ ಅವರ ತಂಡ, ಮೆಲನೋಮಾ ರೋಗಿಗಳ ಗೆಡ್ಡೆಯ ಚೂರುಗಳನ್ನು ತೆಗೆದು ನೋಡಿ, ಎಸ್‌ಐಆರ್‌ಎನ್‌ಎ ತುಂಬಿದ ಕಣಗಳು ಕೋಶದೊಳಗೆ ಇರುವುದನ್ನೂ ಗುರಿಯಿಟ್ಟ ಆರ್‌ಎನ್‌ಎ ಸರಿಯಾದ ಜಾಗದಲ್ಲೇ ತುಂಡಾಗಿರುವುದನ್ನೂ ತೋರಿಸಿತ್ತು. ಆ ಔಷಧ ಮಾರುಕಟ್ಟೆಗೆ ಬರಲಿಲ್ಲ. ಆದರೂ ಪುರಾವೆಯೆಂದರೆ ಹೇಗಿರಬೇಕೆಂಬುದಕ್ಕೆ ನಾನು ಇಂದಿಗೂ ಆ ಪ್ರಬಂಧವನ್ನೇ ತೆಗೆದು ತೋರಿಸುತ್ತೇನೆ.

ಇನ್ನೊಂದು ವಿಷಯ. ನೀನು ಮಾಡುವ ಕೆಲಸದ ಹೆಸರು ಕೇಳಿದೊಡನೆ ಯಾರದೋ ತಂದೆಗೆ, ಯಾರದೋ ಮಗುವಿಗೆ ಇದು ಸಿಗುತ್ತದೆಯೇ ಎಂದು ಕೇಳುವವರು ಬರುತ್ತಾರೆ. ಅವರ ಮುಂದೆ ‘ಮಾತ್ರ’ ಎಂಬ ಪದವನ್ನು ಬಳಸಬೇಡ. ಇಲಿಯಲ್ಲಿ ಏನಾಯಿತು, ಮನುಷ್ಯರಲ್ಲಿ ಏನಿನ್ನೂ ಆಗಿಲ್ಲ ಎಂಬುದನ್ನು ಬಿಡಿಸಿ ಹೇಳಿ, ಈಗಿನ ಚಿಕಿತ್ಸೆಯನ್ನು ಬಿಡದಂತೆ ಕೈಹಿಡಿದು ಹೇಳು.

ನಿನ್ನ ಮೊದಲ ಇಲಿಗಳ ಅಂಗವಾರು ಕೋಷ್ಟಕ ಸಿದ್ಧವಾದಾಗ, ಯಕೃತ್ತು ಮತ್ತು ಗುಲ್ಮದ ಅಂಕಣಗಳನ್ನು ಬಿಡದೆ ನನಗೊಂದು ಪ್ರತಿ ಕಳುಹಿಸು. ಕನ್ನಡಕ ಹಾಕಿಕೊಂಡು ಪೆನ್ಸಿಲು ಹಿಡಿದು ಕೂರುತ್ತೇನೆ.

ಇತಿ, ನಿನ್ನ ಪ್ರೀತಿಯ
ದೊಡ್ಡಪ್ಪ