ಮಚ್ಚೆಯನ್ನು ಸುಣ್ಣ ಹಚ್ಚಿ ಸುಡಬೇಡಿ

ಮಾನ್ಯರೇ,

ಮಚ್ಚೆ, ನರುಳ್ಳೆಗೆ ಸುಣ್ಣ–ಸೋಪು ಕಲಸಿ ಹಚ್ಚುವುದು, ಗೇರು ಬೀಜದ ಸಿಪ್ಪೆಯ ಎಣ್ಣೆಯಿಂದ ಸುಡುವುದು ನಮ್ಮ ಕರಾವಳಿಯಲ್ಲಿ ಹಳೆಯ ಅಭ್ಯಾಸ. ಈಗ ಮೊಬೈಲ್ ವಿಡಿಯೊಗಳೂ ಬೆಳ್ಳುಳ್ಳಿ, ಅಡುಗೆ ಸೋಡಾ ಹಚ್ಚಿ ಅನ್ನುತ್ತವೆ.

ನನ್ನ ಚಿಕ್ಕಮ್ಮನ ಅಂಗಾಲಲ್ಲಿ ಒಂದು ಕಪ್ಪು ಕಲೆ ಇತ್ತು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು, ಮುಳ್ಳು ಚುಚ್ಚಿರಬೇಕು ಅಂದುಕೊಂಡರು. ಎಂಟು ತಿಂಗಳು ಗೇರೆಣ್ಣೆ ಹಚ್ಚಿದರು. ಹಕ್ಕಳೆ ಉದುರಿದಾಗ ವಾಸಿಯಾಯಿತು ಅಂತ ಎಲ್ಲರಿಗೂ ಸಮಾಧಾನ. ತೊಡೆಸಂದಿನಲ್ಲಿ ಗಂಟು ಬಂದ ಮೇಲೆ ಗೊತ್ತಾಯಿತು, ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್. ಮೇಲಿನ ಚರ್ಮ ಸುಟ್ಟರೂ ಒಳಗೆ ಅದು ಬೆಳೆಯುತ್ತಲೇ ಇತ್ತು. ಆ ಎಂಟು ತಿಂಗಳು ವಾಪಸ್ ಸಿಗುವುದಿಲ್ಲ ಅಲ್ವಾ?

ಇದು ಬಿಳಿಯರಿಗೆ ಬರುವ ಕಾಯಿಲೆ ಅಂತ ನಾವೂ ನಂಬಿದ್ದೆವು. ನಮ್ಮಲ್ಲಿ ಕಡಿಮೆ, ನಿಜ. ಆದರೆ ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಜಾಸ್ತಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳ ಉಗುರಿನಡಿ ಶುರುವಾದ ಇದೇ ಕಾಯಿಲೆಯಿಂದ. ಆಗ ಅವರಿಗೆ ಬರೀ 36 ವರ್ಷ.

ಮಚ್ಚೆ ದೊಡ್ಡದಾದರೆ, ಅಂಚು ಅಂಕುಡೊಂಕಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ. ಏನೂ ಹಚ್ಚದೆ ಹೋಗಿ. ಸುಟ್ಟ ಮಚ್ಚೆಯಿಂದ ಬಯಾಪ್ಸಿಗೆ, ಅಂದರೆ ಕ್ಯಾನ್ಸರ್ ಇದೆಯೇ ಅಂತ ನೋಡುವ ಪರೀಕ್ಷೆಗೆ, ಸರಿಯಾದ ತುಂಡು ಸಿಗುವುದು ಕಷ್ಟ. ಶುರುವಿನಲ್ಲೇ ಕತ್ತರಿಸಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಹಿರಿಯರ ಅಂಗಾಲನ್ನೂ ಒಮ್ಮೆ ನೋಡುವಂತೆ ಆರೋಗ್ಯ ಇಲಾಖೆ ಹೇಳಬೇಕು.

– ಓದುಗಿ, ಪುತ್ತೂರು