ಗೋಲು ಕಳೆಯಬೇಡಿ, ಭಾಗಿಸಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ 1888–89ರ ಮೊದಲ ಫುಟ್‌ಬಾಲ್ ಲೀಗಿನ ಪಟ್ಟಿಯನ್ನು ಇಂದಿನ ಲೆಕ್ಕದಲ್ಲಿ ಬರೆಯುವ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಆಗ ಗೆಲುವಿಗೆ 2 ಅಂಕ, ಡ್ರಾಗೆ 1. ಅದೂ ಖಚಿತವಾದದ್ದು ಲೀಗ್ ಶುರುವಾದ ಮೇಲೆ! 12 ಕ್ಲಬ್, ತಲಾ 22 ಪಂದ್ಯ. ಪ್ರೆಸ್ಟನ್ ನಾರ್ತ್ ಎಂಡ್ 18 ಗೆದ್ದು, 4 ಡ್ರಾ ಮಾಡಿ, ಒಂದನ್ನೂ ಸೋಲದೆ ಗಳಿಸಿದ್ದು 40 ಅಂಕ. ಅದನ್ನು ಇಂದಿನಂತೆ ಗೆಲುವಿಗೆ 3 ಅಂಕ ಹಿಡಿದು 58 ಎಂದು ತಿದ್ದಿದರೆ ಆ ಅಪೂರ್ವ ಸಾಧನೆಯ ದಾಖಲೆಯೇ ಕೆಡುತ್ತದೆ.

ಹೆಚ್ಚು ಎಡವುವುದು ಪಟ್ಟಿಯ ಬುಡದಲ್ಲಿ. ನಾಟ್ಸ್ ಕೌಂಟಿ, ಸ್ಟೋಕ್ ಎರಡಕ್ಕೂ 12 ಅಂಕ. ಕೌಂಟಿ 40 ಗೋಲು ಹೊಡೆದು 73 ಬಿಟ್ಟುಕೊಟ್ಟಿತ್ತು. ಸ್ಟೋಕ್ 26 ಹೊಡೆದು 51. ಕಳೆದು ನೋಡಿದರೆ −33, −25, ಸ್ಟೋಕ್ ಮೇಲೇರುತ್ತದೆ. ಆದರೆ ಅಂದಿನ ಪದ್ಧತಿ ಗೋಲ್ ಆವರೇಜ್: ಹೊಡೆದದ್ದನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸಬೇಕು. ಕೌಂಟಿಗೆ 0.548, ಸ್ಟೋಕ್‌ಗೆ 0.510. ಹಾಗಾಗಿ ಸ್ಟೋಕ್ ಕೊನೆಯದು.

‘ಕೆಳಗಿನ ಡಿವಿಷನ್‌ಗೆ ಇಳಿಯಿತು’ ಎಂದೂ ಬರೆಯಬಾರದು. ಎರಡನೇ ಡಿವಿಷನ್ ಬಂದದ್ದೇ 1892ರಲ್ಲಿ. ಕೊನೆಯ ನಾಲ್ಕು ಕ್ಲಬ್‌ಗಳು ಲೀಗಿನಲ್ಲಿ ಉಳಿಯಲು ಇತರ ಕ್ಲಬ್‌ಗಳ ಮತ ಕೇಳಬೇಕಿತ್ತು; ನಾಲ್ಕೂ ಮರಳಿ ಆಯ್ಕೆಯಾದವು.

– ಓದುಗ, ಧಾರವಾಡ