ಅಮ್ಮನ ಕಡೆಯಿಂದ ಬಂದದ್ದು

ನ್ಯೂಕಾಸಲ್, ಇಂಗ್ಲೆಂಡ್
9 ನವೆಂಬರ್ 2025

ಅಕ್ಕಾ,

ನಮಸ್ಕಾರ. ಅಪ್ಪ ಬರೆಯುತ್ತಿದ್ದ ಕಾಗದಗಳ ಹಾಗೆ ‘ನಾನಿಲ್ಲಿ ಕ್ಷೇಮ’ ಎಂದೇ ಶುರು ಮಾಡಬೇಕೆಂದಿದ್ದೆ. ಕೈ ತಡೆಯಿತು. ಗಾಬರಿಯಾಗಬೇಡ, ಎದ್ದು ಓಡಾಡುತ್ತಿದ್ದೇನೆ, ಕೆಲಸಕ್ಕೂ ಹೋಗುತ್ತಿದ್ದೇನೆ. ಆದರೆ ಹೇಳಬೇಕಾದ ವಿಷಯ ಒಂದಿದೆ, ಅದು ನನ್ನೊಬ್ಬನದಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ಹೇಳುವುದು ನನಗೆ ಅರ್ಧ ಕೇಳಿಸುವುದಿಲ್ಲ, ನಾನು ಹೇಳುವುದು ಅಮ್ಮನಿಗೆ ಏನೂ ಕೇಳಿಸುವುದಿಲ್ಲ. ಇಬ್ಬರೂ ಕಿರುಚಾಡಿ ಕೊನೆಗೆ ‘ಊಟ ಆಯ್ತಾ’ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಅದೂ ಅಲ್ಲದೆ ಇದನ್ನು ನೀನು ಎರಡು ಸಲ ಓದಬೇಕು, ಭಾವನವರಿಗೂ ಓದಲು ಕೊಡಬೇಕು.

ನನ್ನ ಕಿವಿ ಮಂದವಾದದ್ದು, ಬಡಕಲು ಮೈಗೆ ಮೂವತ್ತೈದಕ್ಕೇ ಸಕ್ಕರೆ ಕಾಯಿಲೆ ಬಂದದ್ದು, ಎರಡು ಮಹಡಿ ಹತ್ತುವಷ್ಟರಲ್ಲಿ ತೊಡೆ ಕಲ್ಲಾಗುವುದು, ಇವೆಲ್ಲ ಬೇರೆ ಬೇರೆ ಕಾಯಿಲೆಗಳಲ್ಲವಂತೆ. ಒಂದೇ ಬೇರಿನವು. ಹೈಸ್ಕೂಲಿನಲ್ಲಿ ಜೀವಕೋಶದ ಚಿತ್ರ ಬರೆದು ಭಾಗ ಗುರುತಿಸುತ್ತಿದ್ದೆವಲ್ಲ, ಕಾಳಿನ ಆಕಾರ, ಒಳಗೆಲ್ಲ ಮಡಿಕೆ. ‘ಮೈಟೊಕಾಂಡ್ರಿಯ, ಜೀವಕೋಶದ ಶಕ್ತಿಕೇಂದ್ರ’ ಎಂದು ಬರೆದು ಒಂದು ಅಂಕ ತೆಗೆದುಕೊಂಡು ಮರೆತೆವು. ಅದರಲ್ಲೇ ಐಬು. ಕಾಯಿಲೆಗೆ ಹೆಸರೂ ಅದೇ, ಮೈಟೊಕಾಂಡ್ರಿಯದ ಕಾಯಿಲೆ.

ಇದು ಗೊತ್ತಾಗಲು ನನಗೆ ಆರು ವರ್ಷ ಹಿಡಿಯಿತು. ಕಿವಿಯವರು ಕಿವಿ ನೋಡಿದರು, ಸಕ್ಕರೆಯವರು ಸಕ್ಕರೆ ನೋಡಿದರು, ಸುಸ್ತನ್ನು ಯಾರೂ ನೋಡಲಿಲ್ಲ. ಒಬ್ಬರಂತೂ ಮನಸ್ಸಿನ ಒತ್ತಡ ಎಂದು ಬರೆದು ಕಳಿಸಿದರು. ನಾನೂ ನಂಬಿದೆ. ಕಳೆದ ವರ್ಷ ಸಕ್ಕರೆ ತಪಾಸಣೆಯಲ್ಲಿ ಹೊಸದಾಗಿ ಬಂದಿದ್ದ ಹುಡುಗಿ ಡಾಕ್ಟರು ನನ್ನ ಕಿವಿಯ ಯಂತ್ರವನ್ನೇ ಒಂದು ಕ್ಷಣ ನೋಡಿ, ‘ನಿಮ್ಮ ತಾಯಿಗೆ ಕಿವಿ ಹೇಗೆ?’ ಎಂದರು. ಆಮೇಲೆ, ‘ಅವರಿಗೂ ಸಕ್ಕರೆ ಇದೆಯಾ? ಅವರ ತಾಯಿಗೆ?’ ಅಪ್ಪನ ಕಡೆ ವಿಚಾರಿಸಲೇ ಇಲ್ಲ. ನನಗೆ ವಿಚಿತ್ರವೆನಿಸಿತು. ಕೈಗೆ ಒಂದು ಪುಟ್ಟ ಶೀಶೆ ಕೊಟ್ಟು ಮೂತ್ರ ಹಿಡಿದು ತರಲು ಹೇಳಿದರು. ಆರು ವರ್ಷದ ಗಂಟು ಬಿಚ್ಚಿದ್ದು ಆ ಶೀಶೆ.

ಯಾಕೆ ಮೂತ್ರ ಎಂದರೆ, ನಮ್ಮಲ್ಲಿರುವ ದೋಷ ರಕ್ತದಲ್ಲಿ ವಯಸ್ಸಾದಂತೆ ಕಡಿಮೆಯಾಗಿ ಕಾಣುತ್ತದೆ. ನನ್ನ ರಕ್ತದಲ್ಲಿ ನೂರಕ್ಕೆ ಹದಿನಾಲ್ಕು, ಮೂತ್ರದಲ್ಲಿ ಅರವತ್ತೆರಡು. ಅಮ್ಮನ ವಯಸ್ಸಿಗೆ ಬರೀ ರಕ್ತ ನೋಡಿದರೆ ಏನೂ ಇಲ್ಲವೆಂದು ಬರಬಹುದು. ಇದನ್ನು ಡಾಕ್ಟರಿಗೆ ನೀನೇ ಹೇಳಬೇಕಾಗಬಹುದು, ಸಂಕೋಚ ಮಾಡಿಕೊಳ್ಳಬೇಡ.

ಇನ್ನು ಇದು ಬಂದ ದಾರಿ. ನಮ್ಮ ಗುಣಸೂತ್ರಗಳೆಲ್ಲ ಜೀವಕೋಶದ ನಡುವಿನ ಕೋಶಕೇಂದ್ರದಲ್ಲಿರುತ್ತವೆ, ಅವುಗಳಲ್ಲಿ ಅಪ್ಪನದು ಅರ್ಧ, ಅಮ್ಮನದು ಅರ್ಧ. ಆದರೆ ಮೈಟೊಕಾಂಡ್ರಿಯದೊಳಗೆ ಬೇರೆಯೇ ಒಂದು ಪುಟ್ಟ ಡಿಎನ್‌ಎ ಇದೆ, ಬಳೆಯ ಹಾಗೆ ದುಂಡಗೆ. ಒಟ್ಟು 16,569 ಅಕ್ಷರ, 37 ಜೀನು, ಅಷ್ಟೇ. 1981ರಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ಪೂರ್ತಿ ಓದಿದರು. ಅದರಲ್ಲಿನ ತಪ್ಪಿನಿಂದ ಕಾಯಿಲೆ ಬರುತ್ತದೆಂದು ತಿಳಿದದ್ದು 1988ರಲ್ಲಿ. ನಾವು ಶಾಲೆಯಲ್ಲಿ ಓದುವಾಗ ಇದು ವೈದ್ಯರಿಗೇ ಹೊಸದು. ನಮ್ಮದರಲ್ಲಿ 3243ನೇ ಅಕ್ಷರ ‘ಎ’ ಇರಬೇಕಾದಲ್ಲಿ ‘ಜಿ’ ಆಗಿದೆ. ಒಂದಕ್ಷರ. ಈ ಬಳೆ ಅಪ್ಪನಿಂದ ಬರುವುದಿಲ್ಲ, ಅಮ್ಮನ ಅಂಡದಿಂದ ಮಾತ್ರ ಬರುತ್ತದೆ.

ಅಂದರೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನಿನಗೆ. ನಿನ್ನಿಂದ ಪುಟ್ಟಿಗೆ. ನನ್ನ ಮಗನಿಗೆ ಇಲ್ಲ. ಮಾವನಿಗೆ ಇದ್ದರೂ ಮಾವನ ಮಕ್ಕಳಿಗೆ ಬರುವುದಿಲ್ಲ, ಚಿಕ್ಕಮ್ಮನ ಮಕ್ಕಳಿಗೆ ಬಂದಿರಬಹುದು. ಚಿಕ್ಕಮ್ಮನ ಮಕ್ಕಳನ್ನು ಅಣ್ಣ ತಮ್ಮ ಎಂದೂ, ಮಾವನ ಮಕ್ಕಳನ್ನು ಬೇರೆ ಹೆಸರಿನಿಂದಲೂ ಕರೆದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತೇನೋ ಎಂದು ಒಂದು ರಾತ್ರಿ ಬಹಳ ಹೊತ್ತು ಯೋಚಿಸಿದೆ. ಆಮೇಲೆ ದೊಡ್ಡಪ್ಪನ ಮಕ್ಕಳೂ ಅಣ್ಣತಮ್ಮಂದಿರೇ ಎಂದು ನೆನಪಾಗಿ ವಾದ ಬಿದ್ದುಹೋಯಿತು.

ಹಾಗಾದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಇಷ್ಟು, ನಿನಗೆ ಬರೀ ಸುಸ್ತು ಯಾಕೆ? ಕಲ್ಲು ಬೆರೆತ ಅಕ್ಕಿ ಮೂಟೆ ಎಂದುಕೋ. ಒಂದೊಂದು ಜೀವಕೋಶದಲ್ಲೂ ಈ ಬಳೆಗಳು ನೂರಾರು, ಸಾವಿರಾರು ಇರುತ್ತವೆ, ಒಳ್ಳೆಯವೂ ಕೆಟ್ಟವೂ ಬೆರೆತು. ಒಂದೊಂದು ಅಂಡ ತಯಾರಾಗುವಾಗಲೂ ಅಮ್ಮನ ಮೂಟೆಯಿಂದ ಒಂದು ಹಿಡಿ ತೆಗೆದ ಹಾಗೆ. ಒಂದು ಹಿಡಿಯಲ್ಲಿ ಕಲ್ಲು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಮೈಯೊಳಗೂ ಅಷ್ಟೇ, ಕಿವಿಗೊಂದು ಪಾಲು, ಹೃದಯಕ್ಕೊಂದು ಪಾಲು. ಶಕ್ತಿ ಹೆಚ್ಚು ಬೇಡುವ ಅಂಗಗಳೇ ಮೊದಲು ಸೋಲುತ್ತವೆ.

ಇದನ್ನು ನಾನು ಕಣ್ಣಾರೆ ನೋಡಿದೆ. ಸಂಶೋಧನೆಗೆಂದು ಕಾಲಿನಿಂದ ಸ್ನಾಯುವಿನ ಚೂರು ಕೊಟ್ಟಿದ್ದೆ, ಒಂದು ದಿನ ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಬಣ್ಣ ಹಾಕಿದಾಗ ಸರಿಯಾಗಿ ಕೆಲಸ ಮಾಡುವ ಎಳೆಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಸೋತವು ನೀಲಿಯಾಗಿ ಉಳಿಯುತ್ತವೆ. ಪಕ್ಕಪಕ್ಕದಲ್ಲೇ ಕಂದು, ನೀಲಿ, ಕಂದು, ಕಂದು, ನೀಲಿ. ಚೆಂದವಾಗಿತ್ತು ಅಕ್ಕಾ, ಸುಳ್ಳು ಹೇಳುವುದಿಲ್ಲ. ಸೋಮಾರಿ ಎಂದು ಅಪ್ಪ ಬೈಯುತ್ತಿದ್ದರಲ್ಲ, ಆ ಸೋಮಾರಿತನಕ್ಕೆ ಒಂದು ಬಣ್ಣ ಇತ್ತು.

ನನ್ನ ಅದೃಷ್ಟವೋ ಏನೋ, ಇರುವ ಊರು ಇದು. ಇಡೀ ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರು ಈ ಕಾಯಿಲೆಗೆಂದೇ ವಿಶೇಷ ಸೇವೆ ನಡೆಸುವುದು ಮೂರೇ ಊರಿನಲ್ಲಿ: ಲಂಡನ್, ಆಕ್ಸ್‌ಫರ್ಡ್, ನ್ಯೂಕಾಸಲ್. ದೂರದೂರದಿಂದ ಜನ ರೈಲು ಹತ್ತಿ ಬರುತ್ತಾರೆ, ನಾನು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಡಗ್ ಟರ್ನ್‌ಬುಲ್ ಎಂಬ ನರರೋಗ ತಜ್ಞರು ದಶಕಗಳ ಕಾಲ ಇಲ್ಲಿ ಚಿಕಿತ್ಸೆ, ಸಂಶೋಧನೆ ಎರಡನ್ನೂ ಒಟ್ಟಿಗೆ ಬೆಳೆಸಿದರು. ನನ್ನನ್ನು ನೋಡುವವರೂ ಪ್ರಯೋಗಾಲಯದವರೂ ಒಬ್ಬರಿಗೊಬ್ಬರು ಗೊತ್ತಿರುವವರು.

ಒಂದೇ ದಿನದಲ್ಲಿ ಎಲ್ಲ ಮುಗಿಸುತ್ತಾರೆ. ನರದವರು, ನರ್ಸು, ಫಿಸಿಯೋಥೆರಪಿಯವರು, ಆಹಾರದವರು, ಇಸಿಜಿ, ಹೃದಯದ ಎಕೋ. ಕುರ್ಚಿಯಿಂದ ಏಳಿಸಿ ಕೂರಿಸಿ, ನಡೆಸಿ, ರೆಪ್ಪೆ ಎಷ್ಟು ಜೋತಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಈ ಅಂಕಪಟ್ಟಿ ಇಲ್ಲಿಯವರೇ ಮಾಡಿದ್ದು, ಊರಿನ ಹೆಸರೇ ಇಟ್ಟಿದ್ದಾರೆ. ಇದರಲ್ಲಿ ಅಂಕ ಹೆಚ್ಚು ಬಂದರೆ ಫೇಲು.

ಮೊದಲ ದಿನ ದೊಡ್ಡ ಡಾಕ್ಟರು ಎಲ್ಲಕ್ಕಿಂತ ಹೆಚ್ಚು ಹೊತ್ತು ವಿಚಾರಿಸಿದ್ದು ಯಾವುದರ ಬಗ್ಗೆ ಗೊತ್ತಾ? ಬೆಳಗಿನ ಕಕ್ಕಸಿನ ಬಗ್ಗೆ. ಎಷ್ಟು ದಿನಕ್ಕೊಮ್ಮೆ, ಹೊಟ್ಟೆ ಉಬ್ಬುತ್ತದಾ. ನನಗೆ ನಗು. ಕರುಳೂ ಸ್ನಾಯುವೇ, ಅದು ಸೋತು ನಿಂತುಬಿಟ್ಟರೆ ಆಸ್ಪತ್ರೆ ಸೇರಬೇಕಾಗುತ್ತದೆ, ಪ್ರಾಣಕ್ಕೂ ಬರಬಹುದು ಎಂದಾಗ ನಗು ನಿಂತಿತು. ಅಮ್ಮನ ಮಲಬದ್ಧತೆಯನ್ನು ನಾವು ತಮಾಷೆ ಮಾಡುತ್ತಿದ್ದೆವಲ್ಲ. ಇನ್ನು ಮಾಡಬಾರದು. ದಿನವೂ ಔಷಧ ಬೇಕಾದರೆ ದಿನವೂ ತೆಗೆದುಕೊಳ್ಳಲಿ. ಹೊಟ್ಟೆ ಖಾಲಿ ಬಿಟ್ಟು ಉಪವಾಸ ಕೂರುವುದನ್ನೂ ನಿಲ್ಲಿಸಲಿ. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ.

ಗುಣಪಡಿಸುವ ಔಷಧ ಇಲ್ಲ. ಯಾರಾದರೂ ವಿಟಮಿನ್ ಮಾರಿ ಇದೆ ಎಂದರೆ ನಂಬಬೇಡ. ಕೋಎಂಜೈಮ್ ಕ್ಯೂ10 ಎಂಬ ಮಾತ್ರೆ ಕೆಲವರಿಗೆ ಕೊಡುತ್ತಾರೆ, ನಮ್ಮ ಬಗೆಯ ದೋಷಕ್ಕೆ ಅದರಿಂದ ಲಾಭವಿದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲವಂತೆ. ಆದರೆ ನೋಡಿಕೊಂಡು ತಡೆಯಬಹುದಾದದ್ದು ಬಹಳ ಇದೆ. ಸಕ್ಕರೆಗೆ ನಾನು ನುಂಗುತ್ತಿದ್ದ ಮೆಟ್‌ಫಾರ್ಮಿನ್ ತೆಗೆದು ಬೇರೆ ಕೊಟ್ಟರು, ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯಕ್ಕೆ. ಅಮ್ಮನದೂ ಅದೇ ಮಾತ್ರೆ ಅಲ್ಲವೇ? ನೀನಾಗಿ ನಿಲ್ಲಿಸಬೇಡ, ಡಾಕ್ಟರನ್ನು ಕೇಳಿ ಬದಲಿಸು. ಕಿವಿಗೆ ಪೆಟ್ಟು ಕೊಡುವ ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ಬೇರೆ ದಾರಿಯಿದ್ದರೆ ಬೇಡ. ಕಿವಿ ಪೂರ್ತಿ ಹೋದರೂ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಯಂತ್ರ, ಕಾಕ್ಲಿಯರ್ ಇಂಪ್ಲಾಂಟ್, ನಮ್ಮಂಥವರಿಗೆ ಚೆನ್ನಾಗಿ ಒಗ್ಗುತ್ತದಂತೆ. ಅಮ್ಮನಿಗೆ ವಯಸ್ಸಾಯಿತು ಎಂದು ನಾವು ಸುಮ್ಮನಾದದ್ದು ತಪ್ಪಾಯಿತು.

ಪುಟ್ಟಿಯ ತಲೆನೋವಿನ ಬಗ್ಗೆ ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ. ತಲೆನೋವು ಇಳಿಯದೆ ವಾಂತಿ, ಕಣ್ಣೆದುರು ಮಿಂಚು ಮಿಂಚು, ಮಾತು ತಡವರಿಕೆ, ಫಿಟ್ಸ್, ಇವುಗಳಲ್ಲಿ ಯಾವುದು ಬಂದರೂ ಕಾಯಬೇಡ, ಆಸ್ಪತ್ರೆಗೆ ಕರೆದೊಯ್ದು ಈ ಕಾಯಿಲೆಯ ಹೆಸರು ಹೇಳು. ಪಾರ್ಶ್ವವಾಯುವಿನ ಹಾಗೆ ಕಾಣುತ್ತದೆ, ಆದರೆ ರಕ್ತನಾಳ ಕಟ್ಟಿ ಆಗುವುದಲ್ಲ. ಇಲ್ಲಿಯವರು ಅದನ್ನು ಫಿಟ್ಸ್ ಎಂದೇ ಎಣಿಸಿ ಬೇಗ, ಜೋರಾಗಿ ಔಷಧ ಕೊಡುತ್ತಾರೆ. ವಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧ ಬಿಟ್ಟು ಬೇರೆಯದು ಕೊಡಿ ಎಂದು ಕೇಳು. ಹಾಗೆ ಆಗಿಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಎಷ್ಟೋ ಮಂದಿಗೆ ಜೀವಮಾನವಿಡೀ ಕಿವಿ, ಸಕ್ಕರೆಗೇ ಮುಗಿಯುತ್ತದೆ, ಕೆಲವರಿಗೆ ಅದೂ ಇಲ್ಲ.

ಇನ್ನೊಂದು, ಮಲಗಿಸಿಬಿಡಬೇಡ. ಸುಸ್ತೆಂದರೆ ವಿಶ್ರಾಂತಿ ಎಂದು ನಾನೂ ತಿಳಿದಿದ್ದೆ. ಕುಳಿತಷ್ಟೂ ಸ್ನಾಯು ಸೋಲುತ್ತದೆ, ಹದವಾಗಿ ದಿನವೂ ನಡೆದರೆ ಒಳ್ಳೆಯದು ಎಂದು ಅಭ್ಯಾಸ ಮಾಡಿಸಿಯೇ ಪರೀಕ್ಷಿಸಿ ನೋಡಿದ್ದಾರೆ. ಮನೆಯೊಳಗೆ ಸೈಕಲ್ ತುಳಿಯುವ ಯಂತ್ರ ತಂದಿದ್ದೇನೆ. ಹದಿನೈದು ನಿಮಿಷದಿಂದ ಶುರು ಮಾಡಿದೆ, ಈಗ ಅರ್ಧ ಗಂಟೆ. ಆಮೇಲೆ ಸತ್ತ ಹಾಗೆ ಮಲಗುತ್ತೇನೆ, ಅದು ಬೇರೆ ಮಾತು.

ಪುಟ್ಟಿ ಮುಂದೆ ಮಕ್ಕಳ ವಿಷಯ ಕೇಳಿದರೆ ಹೇಳಲು ಒಂದು ಸಂಗತಿ ಇದೆ. ತಾಯಿಯ ಅಂಡವನ್ನೂ ದಾನಿಯೊಬ್ಬಳ ಅಂಡವನ್ನೂ ತಂದೆಯ ವೀರ್ಯದಿಂದಲೇ ಫಲಿತ ಮಾಡಿ, ದಾನಿಯದರಲ್ಲಿದ್ದ ಕೋಶಕೇಂದ್ರಗಳನ್ನು ತೆಗೆದು ಆ ಜಾಗಕ್ಕೆ ತಾಯಿ ತಂದೆಯರದನ್ನು ಕೂರಿಸುತ್ತಾರೆ. ಮನೆಯೂ ಅದರೊಳಗಿನ ಮೈಟೊಕಾಂಡ್ರಿಯವೂ ದಾನಿಯದು, ವಾಸಕ್ಕೆ ಬಂದವರು ನಾವು. 2015ರಲ್ಲಿ ಇಲ್ಲಿನ ಸಂಸತ್ತಿನ ಕೆಳಮನೆಯಲ್ಲಿ 382ಕ್ಕೆ 128 ಮತಗಳಿಂದ ಇದಕ್ಕೆ ಅನುಮತಿ ಸಿಕ್ಕಿತು. ಪತ್ರಿಕೆಗಳೆಲ್ಲ ‘ಮೂವರ ಮಗು’ ಎಂದು ಕೂಗಿದವು. ಮೂರನೆಯವಳ ಪಾಲು ಆ 37 ಜೀನು ಮಾತ್ರ. 2017ರಲ್ಲಿ ನ್ಯೂಕಾಸಲ್‌ನವರಿಗೆ ಪರವಾನಗಿ ಬಂತು, ಈ ಜುಲೈನಲ್ಲಿ ಫಲಿತಾಂಶ ಪ್ರಕಟಿಸಿದರು: ಏಳು ತಾಯಂದಿರು, ಎಂಟು ಮಕ್ಕಳು, ನಾಲ್ಕು ಗಂಡು ನಾಲ್ಕು ಹೆಣ್ಣು, ಅದರಲ್ಲೊಂದು ಅವಳಿ. ಐದು ಮಕ್ಕಳಲ್ಲಿ ದೋಷ ಕಾಣಲೇ ಇಲ್ಲ, ಉಳಿದವರಲ್ಲಿ ಕಾಯಿಲೆ ಬರಿಸುವ ಮಟ್ಟಕ್ಕಿಂತ ಬಹಳ ಕಡಿಮೆ. ಮಕ್ಕಳಿನ್ನೂ ಚಿಕ್ಕವರು, ವರ್ಷಗಟ್ಟಲೆ ನೋಡಬೇಕು. ಪ್ರತಿ ದಂಪತಿಗೂ ಬೇರೆ ಬೇರೆಯಾಗಿ ಅನುಮತಿ ಬೇಕು, ಇದೊಂದೇ ದಾರಿಯೂ ಅಲ್ಲ; ದೋಷ ಕಡಿಮೆಯಿರುವ ಭ್ರೂಣವನ್ನು ಮೊದಲೇ ಪರೀಕ್ಷಿಸಿ ಆರಿಸುವುದೂ ಇದೆ. ಪುಟ್ಟಿಗೆ ಹದಿನೇಳು. ಅವಳಿಗೆ ಈಗಲೇ ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂಬುದನ್ನು ಅವಳನ್ನು ಕೂರಿಸಿಕೊಂಡೇ ತೀರ್ಮಾನಿಸಿ, ನೀನೂ ಭಾವನವರೂ ಇಬ್ಬರೇ ಅಲ್ಲ.

ಈಗ ಅಮ್ಮ. ನನಗೆ ಇದೇ ಕಷ್ಟ. ಅವಳಿಗೆ ಹೇಳಿದೊಡನೆ ‘ನನ್ನಿಂದಲೇ ಬಂತಾ’ ಎನ್ನುತ್ತಾಳೆ. ಅಲ್ಲ ಎಂದು ಸುಳ್ಳು ಹೇಳಲಾಗುವುದಿಲ್ಲ, ಹೌದು ಎಂದು ಅಷ್ಟಕ್ಕೇ ಬಿಡಲೂ ಆಗುವುದಿಲ್ಲ. ಇಲ್ಲಿನ ನರ್ಸಿಗೆ ಇದನ್ನೇ ಹೇಳಿದೆ. ಆಕೆಗೆ ಇದು ದಿನದ ಮಾತು, ಬರುವ ತಾಯಂದಿರೆಲ್ಲ ಇದೇ ಕೇಳುತ್ತಾರಂತೆ. ‘ಅವರ ತಾಯಿಯ ವಿಷಯದಿಂದ ಶುರು ಮಾಡಿ, ಅವರ ವಿಷಯದಿಂದ ಬೇಡ’ ಎಂದರು. ಅದಕ್ಕೇ ನೀನು ಅಜ್ಜಿಯಿಂದ ಶುರು ಮಾಡು. ಅಜ್ಜಿಗೆ ಕಿವಿ ಕೇಳದೆ ಹೋದದ್ದು, ನಲವತ್ತಕ್ಕೇ ಗೋಡೆ ಹಿಡಿದು ನಡೆದದ್ದು, ಮೈಗಳ್ಳಿ ಎಂದು ಮನೆಯವರೆಲ್ಲ ಅಂದದ್ದು. ಅಮ್ಮ ಇವತ್ತಿಗೂ ಆ ಮಾತಿಗೆ ಅಳುತ್ತಾಳಲ್ಲ. ಅಜ್ಜಿ ಮೈಗಳ್ಳಿ ಆಗಿರಲಿಲ್ಲವಂತೆ, ಅದಕ್ಕೊಂದು ಹೆಸರಿತ್ತಂತೆ ಎಂದು ಮೊದಲು ಹೇಳು. ಉಳಿದದ್ದನ್ನು ಆಮೇಲೆ ಹೇಳಿದರಾಯಿತು.

ಇದರ ಜೊತೆ ಡಾಕ್ಟರ ಕಾಗದ ಇಟ್ಟಿದ್ದೇನೆ, ಎರಡು ಪ್ರತಿ. ನಿಮ್ಹಾನ್ಸ್‌ಗೆ ಹೋಗುವಾಗ ಒಂದನ್ನು ಒಯ್ಯಿ, ಇನ್ನೊಂದು ಮನೆಯಲ್ಲಿರಲಿ. ಅದರಲ್ಲಿ 3243 ಎಂಬಲ್ಲಿ ಕೆಂಪು ಗೆರೆ ಎಳೆದಿದ್ದೇನೆ, ಅದನ್ನೇ ಹುಡುಕಲಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕಿಲ್ಲ. ನಿನಗೂ ಮಾಡಿಸಿಕೋ, ಹೃದಯದ ಎಕೋ ಸಹ. ‘ನನಗೇನಾಗಿದೆ’ ಎನ್ನಬೇಡ, ಹೋದ ಸಲ ಬಂದಾಗ ನೀನು ಮೆಟ್ಟಿಲ ಮಧ್ಯೆ ಕುಳಿತದ್ದನ್ನು ನೋಡಿದ್ದೇನೆ. ಚಿಕ್ಕಮ್ಮನಿಗೆ ನಾನೇ ಬರೆಯುತ್ತೇನೆ.

ಕಾಗದ ತಲುಪಿದ ದಿನ ಮೆಸೇಜ್ ಹಾಕು. ಅಮ್ಮ ಏನೆಂದಳು ಎಂದು ಆಮೇಲೆ ಬರೆ. ಫೋನ್ ಮಾತ್ರ ಮಾಡಬೇಡ.

ನಿನ್ನ ತಮ್ಮ